ಕಡಲಂಚಿನ ಕಾಂಡೋ: ನೋಟಕ್ಕಿಂತ ಮೊದಲು ಕಟ್ಟಡ ನೋಡಿ

ಮಾರ್ಚ್ ಮುಗಿಯುತ್ತಾ ಬಂದಂತೆ ಮಂಗಳೂರಿನ ನಮ್ಮ ಕಚೇರಿಗೆ ಬೇರೆಯೇ ಬಗೆಯ ಫೋನುಗಳು ಬರತೊಡಗುತ್ತವೆ. "ಮಕ್ಕಳಿಗೆ ರಜೆ ಮಾರಾಯ್ರೆ. ಥಾಯ್ಲೆಂಡಿನ ಫುಕೆಟ್‌ನಲ್ಲಿ ಸಮುದ್ರಕ್ಕೆ ತಾಗಿಕೊಂಡೇ ಇರುವ ಕಾಂಡೋ ಸಿಕ್ಕಿದೆ. ಅಡುಗೆಮನೆ ಉಂಟು, ಈಜುಕೊಳ ಉಂಟು. ಫೋಟೋ ಕಳಿಸಿದ್ದೇನೆ, ಒಮ್ಮೆ ನೋಡಿ ಹೇಳ್ತೀರಾ?" ಕೇಳುವವರು ಹೆಚ್ಚಾಗಿ ನಾವು ಯಾವತ್ತೋ ಮನೆಗೋ ಅಂಗಡಿಗೋ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಟ್ಟವರು. ಇದು ಪ್ರವಾಸದ ಏಜೆಂಟರಿಗೆ ಕೇಳುವ ಪ್ರಶ್ನೆ ಎಂದು ನಾನು ತಳ್ಳಿಹಾಕುವುದಿಲ್ಲ. ಕಡಲ ಪಕ್ಕದ ಕಟ್ಟಡದಲ್ಲಿ ಹೆಂಡತಿ ಮಕ್ಕಳನ್ನು ಕರಕೊಂಡು ಒಂದು ವಾರ ಇರಲು ಹೊರಟವರು ಕಟ್ಟಡದ ಬಗ್ಗೆ ಕೇಳುವುದು ಸರಿಯಾದದ್ದೇ.

ಮೊದಲು ತಿಳಿಯಬೇಕಾದದ್ದು, ಕಾಂಡೋ ರೆಸಾರ್ಟ್ ಹೋಟೆಲಿನಂತೆ ಕಂಡರೂ ಹೋಟೆಲಲ್ಲ. ಹೋಟೆಲಿಗೆ ಒಬ್ಬ ಯಜಮಾನನೋ ಒಂದು ಕಂಪನಿಯೋ ಇರುತ್ತದೆ. ಕಾಂಡೋದಲ್ಲಿ ಒಂದೊಂದು ಫ್ಲ್ಯಾಟಿಗೂ ಒಬ್ಬೊಬ್ಬ ಮಾಲೀಕ. ಕಂಬ, ತೊಲೆ, ಮೆಟ್ಟಿಲು, ಲಿಫ್ಟ್, ಟಾರಸಿ, ಈಜುಕೊಳ ಎಲ್ಲರಿಗೂ ಸೇರಿದ್ದು. ನಮ್ಮಲ್ಲಿ ಇದಕ್ಕೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ, ಥಾಯ್ಲೆಂಡಿನಲ್ಲಿ 1979ರ ಕಾಂಡೋಮಿನಿಯಂ ಕಾಯ್ದೆ. ನಿಮಗೆ ಬಾಡಿಗೆಗೆ ಕೊಡುವ ಮಾಲೀಕ ತನ್ನ ಕೈಲಾಗುವುದನ್ನು ಚಂದ ಮಾಡಿಸಿರುತ್ತಾನೆ: ಹೊಸ ಸೋಫಾ, ಹೊಸ ಟೈಲ್ಸ್, ಬಿಳಿ ಪರದೆ. ಫೋಟೋದಲ್ಲಿ ಬರುವುದು ಅಷ್ಟೇ. ಹೊರಗಿನ ತೊಲೆಯ ರಿಪೇರಿಗೆ ಮಾಲೀಕರ ಸಂಘ ಒಪ್ಪಿ ಎಲ್ಲರೂ ದುಡ್ಡು ಹಾಕಬೇಕು. ಅವರಲ್ಲಿ ಅರ್ಧ ಜನ ಬೇರೆ ದೇಶದಲ್ಲಿದ್ದು, ವರ್ಷಕ್ಕೊಮ್ಮೆಯೂ ಆ ಕಟ್ಟಡಕ್ಕೆ ಕಾಲಿಡದವರಾದರೆ ರಿಪೇರಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಫೋಟೋ ಕಳಿಸಿದವರಿಗೆಲ್ಲ ನಾನು ಹೇಳುವುದು ಒಂದೇ: ಕೋಣೆಯ ಫೋಟೋ ಸಾಕು, ಬಾಲ್ಕನಿಯ ಅಡಿಭಾಗದ ಫೋಟೋ ತರಿಸಿ.

ಅಡಿಭಾಗವೇ ಯಾಕೆ? ಅಲೆ ಒಡೆಯುವಾಗ ಏಳುವ ಸಣ್ಣ ಹನಿಗಳು ಗಾಳಿಗೆ ಸಿಕ್ಕಿ ದಡಕ್ಕೆ ಬರುತ್ತವೆ. ಅವುಗಳಲ್ಲಿನ ಉಪ್ಪು ಮೊದಲ ಕೆಲವು ನೂರು ಮೀಟರಿನೊಳಗೆ ಹೆಚ್ಚಾಗಿ ಬಿದ್ದುಹೋಗುತ್ತದೆ. ಮುಂದೆ ಹೋದಷ್ಟೂ ಬೇಗ ಕಡಿಮೆಯಾಗುತ್ತದೆ. ಗೋಡೆಯ ಹೊರಮೈಗೆ ಕೂತ ಉಪ್ಪನ್ನು ಮಳೆ ತೊಳೆದುಬಿಡುತ್ತದೆ. ಬಾಲ್ಕನಿಯ ಅಡಿಗೆ, ಸಜ್ಜದ ಕೆಳಗೆ ಮಳೆ ತಾಗುವುದಿಲ್ಲ, ಗಾಳಿ ಮಾತ್ರ ತಾಗುತ್ತದೆ. ಅಲ್ಲಿ ಉಪ್ಪು ಪದರ ಪದರವಾಗಿ ಸೇರುತ್ತಾ ತೇವದ ಜೊತೆ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. ಕಾಂಕ್ರೀಟು ಕ್ಷಾರಗುಣದ್ದಾದ್ದರಿಂದ ಒಳಗಿನ ಸರಳಿನ ಮೇಲೆ ಒಂದು ತೆಳು ರಕ್ಷಾಪದರ ನಿಂತಿರುತ್ತದೆ. ಉಪ್ಪಿನ ಕ್ಲೋರೈಡ್ ಸಾಕಷ್ಟು ಒಳಗೆ ತಲುಪಿದ ದಿನ ಆ ಪದರ ಒಡೆದು ಸರಳು ತುಕ್ಕು ಹಿಡಿಯತೊಡಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಡಬ್ಬಿಯಲ್ಲಿ ನೆನೆಸಿಟ್ಟ ಕಡಲೆ ಉಬ್ಬಿ ಮುಚ್ಚಳವನ್ನು ಎಬ್ಬಿಸುವ ಹಾಗೆ ಅದು ಕಾಂಕ್ರೀಟನ್ನು ಒಳಗಿನಿಂದ ನೂಕುತ್ತದೆ. ಮೊದಲು ಸರಳಿನ ಗುಂಟ ನೇರ ಗೆರೆಯ ಬಿರುಕು, ಆಮೇಲೆ ಕಂದು ಕಲೆ, ಕೊನೆಗೆ ಚಕ್ಕೆ ಏಳುವುದು.

ಇದನ್ನು ನೋಡಲು ಎಂಜಿನಿಯರ್ ಬೇಕಾಗಿಲ್ಲ. ರೆಸಾರ್ಟಿಗೆ ತಲುಪಿದ ದಿನ ಸಾಮಾನು ಇಟ್ಟು, ಈಜುಕೊಳದ ಬಳಿ ನಿಂತು, ಕತ್ತೆತ್ತಿ ಬಾಲ್ಕನಿಗಳ ಸಾಲನ್ನೊಮ್ಮೆ ನೋಡಿ. ಗೋಡೆಯ ಬಣ್ಣ ಮಾಸಿದ್ದರೆ ಚಿಂತೆಯಿಲ್ಲ. ಎರಡು ಮಳೆಗಾಲ ಕಳೆದರೆ ನಮ್ಮ ಸುರತ್ಕಲ್‌ನಲ್ಲೂ ಮಾಸುತ್ತದೆ. ನೇರ ಗೆರೆಯ ಬಿರುಕುಗಳು, ಕಂದು ಸೋರಿಕೆ, ಮೈಬಣ್ಣಕ್ಕೆ ಹೊಂದದ ಗಾರೆಯ ತೇಪೆಗಳು ಸಾಲುಸಾಲಾಗಿ ಕಂಡರೆ ಕಟ್ಟಡದ ರಿಪೇರಿ ಬಗ್ಗೆ ಕೇಳಲೇಬೇಕು. ಬಾಲ್ಕನಿಯ ಕಂಬಿಯ ಬುಡವನ್ನೂ ನೋಡಿ. ಕಂಬಿ ಮೇಲೆ ಹೊಳೆಯುತ್ತಿರಬಹುದು, ಮುರಿಯುವುದು ಅದು ಸ್ಲ್ಯಾಬಿನೊಳಗೆ ಇಳಿಯುವ ಜಾಗದಲ್ಲಿ. ಸ್ಟೇನ್‌ಲೆಸ್ ಸ್ಟೀಲ್ ಎಂದ ಮಾತ್ರಕ್ಕೆ ಸಾಲದು: ಸಾಮಾನ್ಯ 304 ದರ್ಜೆಯದ್ದು ಕಡಲಗಾಳಿಗೆ ಕಲೆಗಟ್ಟುತ್ತದೆ, ಮಾಲಿಬ್ಡಿನಂ ಸೇರಿಸಿದ 316 ದರ್ಜೆಯದ್ದು ಹೆಚ್ಚು ತಾಳುತ್ತದೆ. ಕಂಬಿಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಬುಡದಲ್ಲಿ ಸಡಿಲವೆನಿಸಿದರೆ ಅದಕ್ಕೆ ಒರಗಬೇಡಿ, ಕೂಡಲೇ ಕೋಣೆ ಬದಲಿಸಿಕೊಡಲು ಹೇಳಿ. ಸಣ್ಣ ಮಕ್ಕಳಿದ್ದರೆ ಕಂಬಿಗಳ ನಡುವಿನ ಸಂದು ನೋಡಿ. ನಾಲ್ಕು ಇಂಚಿನ ಚೆಂಡು ದಾಟಬಾರದು ಎಂಬುದು ಅಮೆರಿಕದ ಕಟ್ಟಡ ನಿಯಮ, ಎಲ್ಲಿ ಹೋದರೂ ಇಟ್ಟುಕೊಳ್ಳಬಹುದಾದ ಅಳತೆ ಅದು. ಬಾಲ್ಕನಿಯ ಕುರ್ಚಿಯನ್ನು ಕಂಬಿಯಿಂದ ದೂರ ಎಳೆದಿಡಿ.

2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಕಡಲಂಚಿನ ಕಾಂಡೋದ ಒಂದು ಭಾಗ ಕುಸಿದು 98 ಜನ ತೀರಿಹೋದರು. ನಮ್ಮ ವೃತ್ತಿಯವರು ಯಾರೂ ಅದನ್ನು ಮರೆತಿಲ್ಲ, ಮರೆಯಬಾರದು. ಕಟ್ಟಿದ್ದು 1981ರಲ್ಲಿ, ಮಯಾಮಿ ಬೀಚಿಗೆ ಸೇರಿಕೊಂಡ ಉದ್ದನೆಯ ಮರಳ ದ್ವೀಪದ ಮೇಲೆ. ಈಜುಕೊಳದ ಸುತ್ತಲಿನ ಸ್ಲ್ಯಾಬಿಗೆ ನೀರು ಹರಿದುಹೋಗುವಷ್ಟು ಇಳಿಜಾರು ಕೊಟ್ಟಿರಲಿಲ್ಲ. ಅದರ ಜಲನಿರೋಧಕ ಪದರ ಕೆಟ್ಟಿದೆ, ಕೆಳಗಿನ ಕಾಂಕ್ರೀಟು ಹಾಳಾಗುತ್ತಿದೆ ಎಂದು 2018ರಲ್ಲೇ ಎಂಜಿನಿಯರ್ ಒಬ್ಬರು ವರದಿ ಕೊಟ್ಟಿದ್ದರು. ಕೋಟ್ಯಂತರ ಡಾಲರ್ ಖರ್ಚಿನ ಕೆಲಸ. ಮಾಲೀಕರ ಸಂಘದಲ್ಲಿ ಯಾರು ಎಷ್ಟು ಹಾಕಬೇಕೆಂಬ ಮಾತು ವರ್ಷಗಟ್ಟಲೆ ನಡೆಯಿತು. ಉಪ್ಪೊಂದನ್ನೇ ದೂರುವುದು ತಪ್ಪು. ಆ ಈಜುಕೊಳದ ಸ್ಲ್ಯಾಬಿನ ವಿನ್ಯಾಸವೇ ದುರ್ಬಲವಾಗಿತ್ತೆಂಬುದು ತನಿಖೆಯಲ್ಲಿ ಹೊರಬಿತ್ತು. ಆದರೆ ದುರ್ಬಲ ವಿನ್ಯಾಸ, ನಿಂತ ನೀರು, ಮುಂದೂಡಿದ ರಿಪೇರಿ ಮೂರೂ ಒಂದೇ ಜಾಗದಲ್ಲಿ ಸೇರಿದ್ದವು. ಮಲಗಿದ್ದವರಲ್ಲಿ ಮಾಲೀಕರಿದ್ದರು, ನೆಂಟರಿದ್ದರು, ಬಾಡಿಗೆಗಿದ್ದವರಿದ್ದರು. ಮರುವರ್ಷ ಫ್ಲಾರಿಡಾ ಹೊಸ ಕಾನೂನು ತಂದಿತು: ಮೂರು ಮಹಡಿ ಮತ್ತು ಅದಕ್ಕೆ ಮೇಲ್ಪಟ್ಟ ಕಾಂಡೋಗಳಿಗೆ ನಿಗದಿತ ವಯಸ್ಸಿನಲ್ಲಿ ತಪಾಸಣೆ ಕಡ್ಡಾಯ, ರಿಪೇರಿಗೆಂದು ಸಂಘ ದುಡ್ಡು ಕೂಡಿಡುವುದೂ ಕಡ್ಡಾಯ.

ಹಾಗಾದ್ದರಿಂದ ಕೋಣೆಯ ಕೆಳಗೆ ಪಾರ್ಕಿಂಗ್ ಇದ್ದು ಅದರ ಮೇಲೆ ಈಜುಕೊಳ ಇದ್ದರೆ, ಒಮ್ಮೆ ಆ ಪಾರ್ಕಿಂಗಿಗೆ ಇಳಿದು ಚಾವಣಿ ನೋಡಿ ಬನ್ನಿ. ಹನಿ ತೊಟ್ಟಿಕ್ಕುತ್ತಿದೆಯೇ, ಸುಣ್ಣದ ಬಿಳಿ ಕೋಲುಗಳು ಇಳಿಬಿದ್ದಿವೆಯೇ, ಸರಳು ಹೊರಗೆ ಕಾಣುತ್ತಿದೆಯೇ. ಐದು ನಿಮಿಷದ ಕೆಲಸ. ಅಲ್ಲಿ ಚಾವಣಿಗೆ ಆಧಾರದ ಜಾಕ್ ಕೊಟ್ಟು ರಿಪೇರಿ ಕೆಲಸ ನಡೆಯುತ್ತಿದ್ದರೆ ಹೆದರಬೇಕಿಲ್ಲ, ಯಾರೋ ಗಮನ ಕೊಟ್ಟಿದ್ದಾರೆ ಎಂದರ್ಥ. ಯಾರೂ ಗಮನ ಕೊಡದ ಸೋರಿಕೆಯೇ ನನಗೆ ಭಯ.

ಇನ್ನು ದಿಕ್ಕಿನ ವಿಷಯ. ಫುಕೆಟ್‌ನ ಪಟೋಂಗ್, ಕರೋನ್, ಕಾಟಾ ಇರುವುದು ಪಶ್ಚಿಮ ದಡದಲ್ಲಿ, ಅಂಡಮಾನ್ ಸಮುದ್ರದ ಕಡೆಗೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳನ್ನು ದಕ್ಕೆಯಲ್ಲಿ ಕಟ್ಟಿಹಾಕುವ ನೈರುತ್ಯ ಮಾರುತವೇ ಅಲ್ಲೂ ಬೀಸುವುದು. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಆ ದಡಗಳಲ್ಲಿ ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ ಹಾರುವ ದಿನಗಳು ಹೆಚ್ಚು, ಒಳಸೆಳೆತ ಜೋರು. ಮಲ್ಪೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ರಜೆಯ ಹುಮ್ಮಸ್ಸಿನಲ್ಲಿ ಮೇ ಕೊನೆಯ ವಾರಕ್ಕೆ ಅಗ್ಗದ ದರ ಕಂಡು ಬುಕ್ ಮಾಡುವವರಲ್ಲಿ ಮಲ್ಪೆಯವರೂ ಇರುತ್ತಾರೆ. ಪೂರ್ವ ದಡ ಶಾಂತ, ಬಾಡಿಗೆಯೂ ಕಡಿಮೆ. ಅಲ್ಲಿ ಅನೇಕ ಕಡೆ ಇಳಿತದ ಹೊತ್ತಿಗೆ ನೀರು ದೂರ ಸರಿದು ಕೆಸರು ನೆಲ ತೆರೆದುಕೊಳ್ಳುತ್ತದೆ. ಕೋಣೆಯಿಂದ ಸಮುದ್ರ ಕಾಣುತ್ತದೆ ಎಂಬುದು ನಿಜ, ಮಕ್ಕಳನ್ನು ಅದರಲ್ಲಿ ಆಡಿಸುವುದು ಮಾತ್ರ ಎಲ್ಲ ಹೊತ್ತಿನಲ್ಲೂ ಆಗದು. ಬುಕ್ ಮಾಡುವ ಮುನ್ನ ಆ ಊರಿನ ಉಬ್ಬರ-ಇಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ನೋಡಿಕೊಳ್ಳಿ.

ಕಾಗದಪತ್ರದ ಬಗ್ಗೆ ಎರಡು ಮಾತು. ಥಾಯ್ಲೆಂಡಿನ 2004ರ ಹೋಟೆಲ್ ಕಾಯ್ದೆಯಂತೆ, ಕಾಂಡೋದ ಫ್ಲ್ಯಾಟನ್ನು ತಿಂಗಳಿಗಿಂತ ಕಡಿಮೆ ಅವಧಿಗೆ ದಿನಲೆಕ್ಕದಲ್ಲಿ ಕೊಡಬೇಕಾದರೆ ಪರವಾನಗಿ ಬೇಕು. ಎಷ್ಟೋ ಫ್ಲ್ಯಾಟುಗಳಿಗೆ ಅದಿಲ್ಲ. ನೀವು ತಲುಪಿದ 24 ಗಂಟೆಯೊಳಗೆ ಫ್ಲ್ಯಾಟ್ ಕೊಟ್ಟವರು ವಲಸೆ ಇಲಾಖೆಗೆ ನಿಮ್ಮ ಹೆಸರು ತಿಳಿಸಬೇಕೆಂಬ ನಿಯಮವೂ ಇದೆ. "ಕೇಳಿದರೆ ಸ್ನೇಹಿತರು ಅಂತ ಹೇಳಿ" ಎಂದು ಮಾಲೀಕ ಸೂಚಿಸಿದರೆ ಆ ಬುಕಿಂಗ್ ಬಿಟ್ಟುಬಿಡಿ. ಪರವಾನಗಿಯ ಕಟ್ಟಡದಲ್ಲಿ ಬೆಂಕಿ ಬಿದ್ದರೆ ಹೊರಬರುವ ದಾರಿ, ಅಲಾರಂಗಳನ್ನು ಯಾರೋ ಬಂದು ಪರೀಕ್ಷಿಸಿರುತ್ತಾರೆ. ಗುಟ್ಟಾಗಿ ಕೊಡುವ ಫ್ಲ್ಯಾಟಿಗೆ ಆ ಖಾತ್ರಿ ಇಲ್ಲ. ಅಡುಗೆಮನೆಯ ಒಲೆ ಇಂಡಕ್ಷನ್ ಆಗಿದ್ದರೆ ಊರಿನಿಂದ ಒಯ್ದ ಅಲ್ಯೂಮಿನಿಯಂ ಕುಕ್ಕರಿನಲ್ಲಿ ಕುಚ್ಚಲಕ್ಕಿ ಬೇಯುವುದಿಲ್ಲ ಎಂಬುದನ್ನೂ ನೆನಪಿಡಿ.

ಯಾವ ಮಹಡಿ ತೆಗೆದುಕೊಳ್ಳಲಿ ಎಂದು ಎಲ್ಲರೂ ಕೇಳುತ್ತಾರೆ. ನೆಲಮಹಡಿಯಿಂದ ನೇರ ಮರಳಿಗೆ ಕಾಲಿಡಬಹುದು, ವಯಸ್ಸಾದವರಿಗೆ ಅನುಕೂಲ, ನಿಜ. ಆದರೆ 2004ರ ಡಿಸೆಂಬರ್ 26ರಂದು ಪಟೋಂಗ್ ಮತ್ತು ಕಮಲಾ ದಡಗಳಿಗೆ ಸುನಾಮಿ ಬಂದಾಗ ಹೆಚ್ಚು ಏಟು ಬಿದ್ದದ್ದು ಕೆಳಗಿನ ಮಹಡಿಗಳಿಗೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ ಜನರಿಗೆ ಕೊಡುವ ಸೂಚನೆ ಸ್ಪಷ್ಟವಾಗಿದೆ: ಹೊರಗೆ ಎತ್ತರದ ಜಾಗಕ್ಕೆ ಓಡಲು ಸಮಯವಿಲ್ಲದಿದ್ದರೆ, ಹತ್ತು ಮಹಡಿಗಿಂತ ಕಡಿಮೆಯಿಲ್ಲದ ಕಾಂಕ್ರೀಟ್ ಅಥವಾ ಉಕ್ಕಿನ ಕಟ್ಟಡದಲ್ಲಿ ನಾಲ್ಕನೇ ಮಹಡಿಗೋ ಅದಕ್ಕೂ ಮೇಲಕ್ಕೋ ಹೋಗಿ. ಅಲ್ಲಿ ಮಹಡಿ ಎಣಿಸುವುದು ನೆಲಮಹಡಿಯನ್ನು ಒಂದು ಎಂದು ಹಿಡಿದು. ನೆಲ ಜೋರಾಗಿ ಕಂಪಿಸಿದರೆ, ಸಮುದ್ರ ಇದ್ದಕ್ಕಿದ್ದಂತೆ ಹಿಂದೆ ಸರಿದರೆ ಸೈರನ್ನಿಗೆ ಕಾಯಬೇಡಿ. ಬಂದ ದಿನವೇ ಮಕ್ಕಳನ್ನು ಕರಕೊಂಡು ಮೆಟ್ಟಿಲು ಎಲ್ಲಿದೆ, ಅದರ ಬಾಗಿಲು ತೆರೆಯುತ್ತದೆಯೇ, ಗುಡ್ಡದ ಕಡೆಗಿನ ದಾರಿ ಯಾವುದು ಎಂದು ನಡೆದು ತೋರಿಸಿ.

ದಡದ ವಿಷಯ ಉಳ್ಳಾಲ, ಸೋಮೇಶ್ವರದವರಿಗೆ ಬೇಗ ಅರ್ಥವಾಗುತ್ತದೆ. ಕಡಲ್ಕೊರೆತಕ್ಕೆ ಕಲ್ಲು ಸುರಿದರೆ ಕಲ್ಲಿನ ಹಿಂದಿನ ಮನೆ ಸ್ವಲ್ಪ ದಿನ ಉಳಿಯುತ್ತದೆ, ಮುಂದಿನ ಮರಳು ಹೋಗುತ್ತದೆ, ಪಕ್ಕದವರ ದಡ ಇನ್ನಷ್ಟು ಕೊರೆಯುತ್ತದೆ. ಹವಾಯಿಯ ಮಾವಿ ದ್ವೀಪದಲ್ಲಿ ಕಹಾನಾ ಬೇಯ ಕಾಂಡೋಗಳ ಮುಂದೆ ಮರಳಿನ ದೊಡ್ಡ ಚೀಲಗಳನ್ನು ಪೇರಿಸಿ ಕಟ್ಟಡ ಉಳಿಸಿಕೊಳ್ಳುವ ಹೋರಾಟ ವರ್ಷಗಳಿಂದ ನಡೆದಿದೆ. ಕವಾಯ್, ಒವಾಹು, ಮಾವಿ ದ್ವೀಪಗಳ ಬೀಚುಗಳಲ್ಲಿ ಶೇ. 70ರಷ್ಟು ಕೊರೆಯುತ್ತಿವೆ ಎಂದು ಅಮೆರಿಕದ ಭೂವಿಜ್ಞಾನ ಸಂಸ್ಥೆ 2012ರಲ್ಲಿ ಲೆಕ್ಕ ಕೊಟ್ಟಿತು. ಹೀಗಾಗಿ ಜಾಹೀರಾತಿನ ಬೀಚ್ ಫೋಟೋ ಯಾವ ವರ್ಷದ್ದು ಎಂದು ಕೇಳಿ. ಉಪಗ್ರಹ ನಕ್ಷೆಯಲ್ಲಿ ಹಳೆಯ ಚಿತ್ರವನ್ನೂ ಈಗಿನದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮರಳು ಎಷ್ಟು ಸವೆದಿದೆ ಎಂದು ಮನೆಯಲ್ಲೇ ತಿಳಿಯುತ್ತದೆ.

ಹೋಗಿ ಬಂದವರಲ್ಲಿ ಕೆಲವರು ಮತ್ತೆ ಫೋನ್ ಮಾಡುತ್ತಾರೆ. ಈ ಸಲ ಪ್ರಶ್ನೆ ಬೇರೆ: "ಅಂಥದ್ದೇ ಒಂದು ಫ್ಲ್ಯಾಟ್ ನಮ್ಮ ಕಡೆಯೇ ತೆಗೆದುಕೊಂಡರೆ ಹೇಗೆ?" ಕರಾವಳಿ ನಿಯಂತ್ರಣ ವಲಯದ ನಿಯಮಗಳಿಂದಾಗಿ ನಮ್ಮಲ್ಲಿ ಮರಳಿಗೆ ತಾಗಿ ಎತ್ತರದ ಕಟ್ಟಡ ಏಳುವುದು ಕಡಿಮೆ. ಮಂಗಳೂರಿನಲ್ಲಿ ಸಮುದ್ರ ಕಾಣುವ ಫ್ಲ್ಯಾಟುಗಳು ಹೆಚ್ಚಾಗಿ ಒಳಗಿನ ಗುಡ್ಡಗಳ ಮೇಲಿವೆ, ಇದು ಕಟ್ಟಡಕ್ಕೆ ಒಳ್ಳೆಯದೇ. ಹಾಗಂತ ನಿರಾಳವಾಗಬೇಡಿ. ಭಾರತೀಯ ಮಾನಕ 456, 2000ನೇ ಇಸವಿಯದ್ದು, ಕಡಲ ತೀರದ ವಾತಾವರಣಕ್ಕೆ ತೆರೆದ ಕಾಂಕ್ರೀಟನ್ನು 'ತೀವ್ರ' ವರ್ಗದಲ್ಲಿ ಇಡುತ್ತದೆ: ಕಾಂಕ್ರೀಟಿನ ಬಲ ಕನಿಷ್ಠ ಎಂ30 ದರ್ಜೆ, ಸರಳಿನ ಮೇಲೆ 45 ಮಿ.ಮೀ. ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ), ಸಿಮೆಂಟಿನ ತೂಕದ 0.45 ಪಾಲಿಗಿಂತ ಹೆಚ್ಚು ನೀರು ಕೂಡದು. ಸಮುದ್ರದ ಹನಿಯೇ ಬಂದು ತಾಗುವ ಜಾಗವಾದರೆ ಎಂ35, 50 ಮಿ.ಮೀ. ಸ್ಲ್ಯಾಬ್ ಹಾಕುವ ದಿನ ಮಿಶ್ರಣ ಸಲೀಸಾಗಿ ಇಳಿಯಲಿ ಎಂದು ಪೈಪು ಹಿಡಿದು ನೀರು ಬಿಡಲು ನಾನು ನಮ್ಮ ಸೈಟುಗಳಲ್ಲಿ ಯಾರಿಗೂ ಅವಕಾಶ ಕೊಡುವುದಿಲ್ಲ. ಆ ಒಂದು ಬಕೆಟ್ ನೀರು ಹೆಚ್ಚಿನ ರಂಧ್ರವಾಗಿ ಉಳಿಯುತ್ತದೆ, ಉಪ್ಪು ಒಳಬರುವುದು ಅದರ ಮೂಲಕ.

ಕಟ್ಟುತ್ತಿರುವ ಫ್ಲ್ಯಾಟ್ ನೋಡಲು ಹೋದರೆ ಮಾದರಿ ಮನೆಯಿಂದ ಹೊರಗೆ ಬಂದು, ಸರಳು ಕಟ್ಟಿಟ್ಟ ಮಹಡಿಗೆ ಹತ್ತಿ. ಸರಳಿನ ಕೆಳಗೆ ಆ ಕವರಿನ ದಪ್ಪ ಕಾಯುವ ಕವರ್ ಬ್ಲಾಕ್ ಇಟ್ಟಿದ್ದಾರೋ, ಕೈಗೆ ಸಿಕ್ಕಿದ ಜಲ್ಲಿ ಚೂರು ಇಟ್ಟಿದ್ದಾರೋ ನೋಡಿ. ಜೊತೆಗೊಂದು ಅಳತೆಪಟ್ಟಿ ಇರಲಿ. ಹಳೆಯ ಫ್ಲ್ಯಾಟ್ ಆದರೆ ಸಂಘದ ಕಳೆದ ಮೂರು ವರ್ಷದ ಸಭೆಯ ನಡಾವಳಿ ಮತ್ತು ರಿಪೇರಿ ನಿಧಿಯ ಪಾಸ್‌ಬುಕ್ ಕೇಳಿ. ಕೊಡಲು ಒಪ್ಪದಿದ್ದರೆ ಅಡ್ವಾನ್ಸ್ ಕೊಡಬೇಡಿ.