ಹನಿ ಬೀಳುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಗೊತ್ತಿರುತ್ತದೆ. ಜೋರು ಮಳೆಯಲ್ಲಿ ಜಗಲಿಯ ಮೇಲೆ ನೀರು ಹನಿಯುತ್ತದೆ. ಏಣಿ ಹಾಕಿ ನೋಡಿದರೆ ಅದರ ನೇರ ಮೇಲಿನ ಹೆಂಚು ಗಟ್ಟಿಯಾಗೇ ಇರುತ್ತದೆ. ಒಡೆದದ್ದು ನಾಲ್ಕು ಸಾಲು ಮೇಲೆ. ನೀರು ರೀಪು, ಪಕಾಸು ಹಿಡಿದು ಇಳಿದು ಬಂದು ಜಗಲಿ ಮೇಲೆ ಹನಿದಿರುತ್ತದೆ. ಹಳೆ ಕಾರಿನ ಆಯಿಲ್ ಲೀಕ್ ಕೂಡ ಹೀಗೇ.

ಶಿರಸಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವ ನನ್ನ ಹತ್ತಿರ ವಾರಕ್ಕೆ ಒಬ್ಬರಾದರೂ ಇದೇ ದೂರು ಹೊತ್ತು ಬರುತ್ತಾರೆ. "ಅಂಗಳದಲ್ಲಿ ಕಪ್ಪು ಕಲೆ ಬೀಳ್ತಿದೆ, ಸಂಪ್ ಪ್ಯಾಕಿಂಗ್ ಹೋಗಿರಬೇಕು, ಹಾಕಿಬಿಡಿ." ಅಡಿಕೆ ಒಣಗಿಸುವ ಅಂಗಳದಲ್ಲಿ ಆಯಿಲ್ ಬಿದ್ದರೆ ಅವರಿಗೆ ಎಷ್ಟು ಬೇಜಾರಾಗುತ್ತದೆ ಅಂತ ನನಗೆ ಗೊತ್ತು. ಆದರೂ ನಾನು ಕೂಡಲೇ ಸ್ಪ್ಯಾನರ್ ಹಿಡಿಯುವುದಿಲ್ಲ. ಸಂಪ್ ಅಂದರೆ ಎಂಜಿನ್ನಿನ ತೀರಾ ಕೆಳಗೆ ಆಯಿಲ್ ನಿಲ್ಲುವ ತಗಡಿನ ತಟ್ಟೆ, ಪ್ಯಾಕಿಂಗ್ ಅಂದರೆ ಅದರ ಅಂಚು ಸೋರದಂತೆ ಕೂರಿಸುವ ಪಟ್ಟಿ. ಮೇಲೆ ಎಲ್ಲಿ ಸೋರಿದರೂ ಆಯಿಲ್ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಹಾಗಾಗಿ ಮಾಡದ ತಪ್ಪಿಗೆ ಸಂಪ್ ಪ್ಯಾಕಿಂಗ್ ಸಿಕ್ಕಿಬೀಳುತ್ತದೆ.

ಈ ಪಾಠ ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮಾರುತಿ ಓಮ್ನಿ ವ್ಯಾನ್ ಬಂದಿತ್ತು. ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗಿಂದ ಹನಿ ಬೀಳುತ್ತಿತ್ತು. ಎಂಜಿನ್ನಿನ ತಿರುಗುವ ದಂಡ, ಅಂದರೆ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ ಅಂತ ತೀರ್ಮಾನ ಮಾಡಿದೆ. ಗೇರ್ ಬಾಕ್ಸ್ ಇಳಿಸಿ, ಸೀಲ್ ಬದಲಿಸಿ, ಎರಡು ದಿನದ ಕೆಲಸ ಮಾಡಿ ಕೊಟ್ಟೆ. ಒಂದೇ ವಾರದಲ್ಲಿ ಗಾಡಿ ವಾಪಸ್. ಅದೇ ಜಾಗ, ಅದೇ ಹನಿ. ಆಗ ಎಂಜಿನ್ ಪೂರ್ತಿ ತೊಳೆದು ನೋಡಿದರೆ, ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹಿಂಬದಿಯಲ್ಲಿ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಕೂರುವಲ್ಲಿನ ಓ-ರಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅಲ್ಲಿಂದ ಇಳಿದ ಆಯಿಲ್ ಬ್ಲಾಕಿನ ಬೆನ್ನು ಹಿಡಿದು ಬೆಲ್ ಹೌಸಿಂಗ್ ಸಂದಿಗೆ ಬರುತ್ತಿತ್ತು. ಉಂಗುರದಷ್ಟು ರಬ್ಬರಿನ ತುಂಡು. ಗೇರ್ ಬಾಕ್ಸ್ ಇಳಿಸಿದ ಕೂಲಿಯನ್ನು ಗಾಡಿಯವರಿಗೆ ವಾಪಸ್ ಕೊಟ್ಟೆ. ಅವತ್ತಿನಿಂದ ತೊಳೆಯದೆ ಯಾವ ಎಂಜಿನ್ನಿನ ಲೀಕನ್ನೂ ನಾನು ಹೆಸರಿಸಿಲ್ಲ.

ಮೊದಲು ಅದು ಎಂಜಿನ್ ಆಯಿಲ್ಲೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಕಾರಿನ ಅಡಿಗೆ ಹಳೆ ಕ್ಯಾಲೆಂಡರಿನ ದೊಡ್ಡ ಹಾಳೆ, ಬಿಳಿ ಬದಿ ಮೇಲೆ ಮಾಡಿ ಹಾಸಿ. ಚಕ್ರ ಎಲ್ಲಿದೆ, ಮುಂಭಾಗ ಯಾವ ಕಡೆ ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಬೆಳಿಗ್ಗೆ ಬಿದ್ದ ಹನಿಯನ್ನು ಬೆರಳಲ್ಲಿ ಉಜ್ಜಿ, ಮೂಸಿ ನೋಡಿ. ಕಂದು ಅಥವಾ ಕಪ್ಪಾಗಿದ್ದರೆ ಎಂಜಿನ್ ಆಯಿಲ್. ದಪ್ಪಗಿದ್ದು ಗಂಧಕದಂಥ ಕೆಟ್ಟ ವಾಸನೆ ಹೊಡೆದರೆ ಗೇರ್ ಆಯಿಲ್. ಹಸಿರಾಗಿ ಸಿಹಿ ವಾಸನೆ ಇದ್ದರೆ ರೇಡಿಯೇಟರಿನ ಕೂಲೆಂಟ್. ಬರೀ ನೀರಾದರೆ ಅದು ಎಸಿಯದು, ಚಿಂತೆ ಬೇಡ. ಕುಮಟಾ, ಕಾರವಾರದ ಸೆಕೆಯಲ್ಲಿ ಎಸಿ ನೀರು ಜಾಸ್ತಿಯೇ ಬೀಳುತ್ತದೆ. ತೆಳ್ಳಗೆ, ಜಾರು ಜಾರಾಗಿ, ಚಕ್ರದ ಹತ್ತಿರ ಬಿದ್ದಿದ್ದರೆ ಮಾತ್ರ ಗಾಡಿ ಓಡಿಸಲೇಬೇಡಿ. ಅದು ಬ್ರೇಕ್ ಆಯಿಲ್ ಆಗಿರಬಹುದು.

ಇನ್ನು ತೊಳೆಯುವ ಕೆಲಸ. ನಮ್ಮ ಕಡೆ ಎಂಜಿನ್ನಿನ ಮೇಲೆ ಆಯಿಲ್ ಮತ್ತು ಕೆಂಪು ಮಣ್ಣು ಸೇರಿ ಒಂದು ಹೊದಿಕೆಯೇ ಆಗಿರುತ್ತದೆ. ಅದರ ಮೇಲೆ ಟಾರ್ಚ್ ಬಿಟ್ಟರೆ ಎಲ್ಲಾ ಕಡೆ ಲೀಕ್ ಕಂಡಂತಾಗುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ರಸ್ತೆಯ ನೀರು ಸಿಡಿದು ಆಯಿಲನ್ನು ಇಡೀ ಎಂಜಿನ್ನಿಗೆ ಹರಡಿರುತ್ತದೆ. ಅದಕ್ಕೇ ಮಳೆ ನಿಂತ ಮೇಲೆ, ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮುಂಚೆ ಗಾಡಿ ತನ್ನಿ ಅಂತ ನಾನು ಹೇಳುವುದು. ಎಂಜಿನ್ ತಣ್ಣಗಿದ್ದಾಗ ಡಿಗ್ರೀಸರ್ ಹಚ್ಚಿ, ಬ್ರಷ್‌ನಿಂದ ಸಂದಿಗಳನ್ನೂ ಉಜ್ಜಬೇಕು. ಡಿಸ್ಟ್ರಿಬ್ಯೂಟರ್, ಆಲ್ಟರ್ನೇಟರ್, ಕಾರ್ಬೊರೇಟರ್ ಇವಕ್ಕೆ ಪ್ಲಾಸ್ಟಿಕ್ ಕಟ್ಟಿ ಆಮೇಲೆ ನೀರು ಹಾಕಿ. ಜೋರು ಪ್ರೆಶರಿನ ನೀರು ಬೇಡ. ಪೂರ್ತಿ ಒಣಗಲು ಬಿಡಿ.

ಒಣಗಿದ ಮೇಲೆ ಅನುಮಾನ ಇರುವ ಕಡೆಯೆಲ್ಲ ತೆಳ್ಳಗೆ ಟಾಲ್ಕಂ ಪೌಡರ್ ಹಾಕುತ್ತೇನೆ. ಮುಖಕ್ಕೆ ಹಚ್ಚುವ ಅದೇ ಪೌಡರ್. ಬೆಲ್ಟ್ ಓಡುವ ಕಡೆ ಮಾತ್ರ ಹಾಕುವುದಿಲ್ಲ. ಎಂಜಿನ್ ಶುರು ಮಾಡಿ ಬಿಸಿಯಾಗುವವರೆಗೆ ನಿಂತು ನೋಡುತ್ತೇನೆ. ಆಯಿಲ್ ಹೊರಬಂದ ಜಾಗದಲ್ಲಿ ಬಿಳಿ ಪುಡಿಯ ಮೇಲೆ ಒದ್ದೆ ಗೆರೆ ಮೂಡುತ್ತದೆ. ಆ ಗೆರೆಯನ್ನು ಕೆಳಗಿನಿಂದ ಮೇಲಕ್ಕೆ ಹಿಂಬಾಲಿಸಿ ಹೋಗಬೇಕು. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವ ಜಾಗ ಒದ್ದೆ ಇದೆಯೋ ಅದೇ ಮೂಲ. ಮುಂದೆ ಅಂತ ಯಾಕೆ ಹೇಳಿದೆ ಅಂದರೆ, ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಆಯಿಲಿಗೆ ಬಣ್ಣ ಬೆರೆಸಿ ನೇರಳೆ ಲ್ಯಾಂಪ್ ಹಿಡಿದು ಹುಡುಕುವ ಕಿಟ್ ಕೂಡ ಸಿಗುತ್ತದೆ. ತೀರಾ ಸಣ್ಣ ಸೋರಿಕೆಗೆ ಅದು ಒಳ್ಳೆಯದು. ಮುಕ್ಕಾಲು ಪಾಲು ಗಾಡಿಗಳಿಗೆ ಪೌಡರ್ ಸಾಕು.

ನಿಂತಲ್ಲಿ ಸಿಗದ ಲೀಕ್ ಘಟ್ಟದಲ್ಲಿ ಸಿಗುತ್ತದೆ. ಅಂಥ ಗಾಡಿಯನ್ನು ನಾನು ಕುಮಟಾ ರಸ್ತೆಯ ದೇವಿಮನೆ ಘಟ್ಟ ಇಳಿಸಿ, ಮತ್ತೆ ಹತ್ತಿಸಿಕೊಂಡು ಬರುತ್ತೇನೆ. ಏರಿನಲ್ಲಿ ಎಂಜಿನ್ ಬಿಸಿ ಜಾಸ್ತಿ, ಆಯಿಲ್ ತೆಳ್ಳಗಾಗುತ್ತದೆ, ಒತ್ತಡವೂ ಇರುತ್ತದೆ. ಓಮ್ನಿಯ ಎಂಜಿನ್ ಗಾಡಿಯ ಉದ್ದಕ್ಕೆ ಕೂತಿರುವುದರಿಂದ ಏರಿನಲ್ಲಿ ಟ್ಯಾಪೆಟ್ ಕವರ್, ಅಂದರೆ ಹೆಡ್ಡಿನ ಮೇಲಿನ ಮುಚ್ಚಳದ ಒಳಗಿನ ಆಯಿಲ್ ಹಿಂದಿನ ಮೂಲೆಗೆ ಬಂದು ನಿಲ್ಲುತ್ತದೆ. ಆ ಮೂಲೆಯ ಪ್ಯಾಕಿಂಗ್ ಸ್ವಲ್ಪ ಸೋತಿದ್ದರೂ ಅಲ್ಲಿ ಗೊತ್ತಾಗುತ್ತದೆ. ನಾನು ಮೋಸ ಹೋದ ಓ-ರಿಂಗ್ ಕೂಡ ಅದೇ ತುದಿಯಲ್ಲಿತ್ತು.

ಇಳಿಜಾರಿನಲ್ಲಿ ಇನ್ನೊಂದು ವಿಷಯ ಗಮನಿಸಿ. ಗೇರಿನಲ್ಲೇ ಉದ್ದಕ್ಕೆ ಇಳಿದು, ಘಟ್ಟದ ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ ಬಂದರೆ ಅದು ಲೀಕ್ ಅಲ್ಲ. ವಾಲ್ವಿನ ಸೀಲ್ ದಾಟಿದ ಆಯಿಲ್ ಒಳಗೇ ಉರಿಯುತ್ತಿದೆ. ಆಯಿಲ್ ಅಳೆಯುವ ಕಡ್ಡಿ, ಅಂದರೆ ಡಿಪ್ ಸ್ಟಿಕ್‌ನಲ್ಲಿ ಮಟ್ಟ ಇಳಿಯುತ್ತಿದೆ, ನೆಲದಲ್ಲಿ ಕಲೆ ಇಲ್ಲ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನು. ಮಟ್ಟ ನೋಡುವಾಗ ಗಾಡಿ ಸಮನೆಲದಲ್ಲಿರಲಿ. ನಮ್ಮ ಮಲೆನಾಡಿನ ಮನೆಗಳ ಮುಂದೆ ಸಮನೆಲ ಸಿಗುವುದೇ ಅಪರೂಪ ಅಲ್ವಾ, ಅಲ್ಲಿ ಓರೆಯಾಗಿ ನಿಲ್ಲಿಸಿ ನೋಡಿದ ಲೆಕ್ಕ ತಪ್ಪೇ.

ಹಳೆ ಮಾರುತಿ 800 ಮತ್ತು ಓಮ್ನಿಗಳಲ್ಲಿ ನಾನು ಜಾಸ್ತಿ ಕಂಡದ್ದು ಟ್ಯಾಪೆಟ್ ಕವರ್ ಪ್ಯಾಕಿಂಗ್. ಎರಡರಲ್ಲೂ ಇರುವುದು 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್. 800 ಬಂದದ್ದು 1983ರಲ್ಲಿ, ನಿಂತದ್ದು 2014ರಲ್ಲಿ. ಓಮ್ನಿ 2019ರವರೆಗೂ ಬಂತು. ಹಾಗಾಗಿ ಬಿಡಿಭಾಗಕ್ಕೆ ಇವತ್ತಿಗೂ ತೊಂದರೆ ಇಲ್ಲ. ಈ ಪ್ಯಾಕಿಂಗ್ ಹೋದರೆ ಆಯಿಲ್ ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಸುಟ್ಟ ವಾಸನೆ ಬರುತ್ತದೆ. ಓಮ್ನಿಯಲ್ಲಿ ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವುದರಿಂದ ವಾಸನೆ ನೇರ ಒಳಗೇ ಬರುತ್ತದೆ. ಇದನ್ನು ಮುಂದೂಡಬೇಡಿ, ಬೆಂಕಿಯ ಭಯ ಇದೆ.

ಆಯಿಲ್ ಒತ್ತಡ ಇಳಿದರೆ ದೀಪ ಹತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್ಚೂ ಸೋರಬಹುದು, ಅದನ್ನು ನೋಡುವುದು ಸುಲಭ. ಅದರ ವೈರಿನ ಕನೆಕ್ಟರ್ ಕಿತ್ತು ನೋಡಿ, ಒಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಸೋರುತ್ತಿದೆ. ಫಿಲ್ಟರ್ ಬದಲಿಸಿದ ಮರುದಿನವೇ ಲೀಕ್ ಶುರುವಾದರೆ, ಹಳೆ ಫಿಲ್ಟರಿನ ರಬ್ಬರ್ ಎಂಜಿನ್ನಿಗೇ ಅಂಟಿಕೊಂಡು ಉಳಿದಿದೆಯಾ ನೋಡಿ. ಎರಡು ರಬ್ಬರ್ ಒಂದರ ಮೇಲೊಂದು ಕೂತರೆ ಕೆಲವೇ ಕಿಲೋಮೀಟರಿನಲ್ಲಿ ಆಯಿಲ್ ಪೂರ್ತಿ ಖಾಲಿಯಾಗಬಹುದು.

ಕರಾವಳಿಯ ಗಾಡಿಗಳ ಕಥೆ ಸ್ವಲ್ಪ ಬೇರೆ. ಕಾರವಾರ, ಅಂಕೋಲಾ ಕಡೆಯಿಂದ ಬಂದವುಗಳಲ್ಲಿ ಉಪ್ಪುಗಾಳಿಗೆ ಸಂಪ್ ತಗಡೇ ತುಕ್ಕು ಹಿಡಿದು ಸೂಜಿಯಷ್ಟು ತೂತಾಗಿರುತ್ತದೆ. ಅಲ್ಲಿ ಪ್ಯಾಕಿಂಗ್ ಎಷ್ಟು ಬದಲಿಸಿದರೂ ಪ್ರಯೋಜನ ಇಲ್ಲ, ಸಂಪ್ ಬದಲಿಸಬೇಕು. ಇನ್ನು ಕೆಲವರು ಸಂಪ್ ಬೋಲ್ಟ್‌ಗಳನ್ನು ಜೀವ ಹೋಗುವಷ್ಟು ಬಿಗಿದಿರುತ್ತಾರೆ. ತಗಡಿನ ಅಂಚು ಬಾಗಿ ಲೀಕ್ ಇನ್ನೂ ಹೆಚ್ಚಾಗುತ್ತದೆ. ಸಿಲಿಕಾನ್ ಅಂಟನ್ನು ಬಳಿದು ತುಂಬಿಸುವುದೂ ಅಷ್ಟೇ ಕೆಟ್ಟದ್ದು. ಒಳಕ್ಕೆ ಹಿಂಡಿದ ಅಂಟು ಕಳಚಿ ಆಯಿಲ್ ಪಂಪಿನ ಜಾಲರಿಗೆ ಕೂತರೆ ಎಂಜಿನ್ನೇ ಹೋಗುತ್ತದೆ.

ಬೆಂಗಳೂರಿನಲ್ಲಿರುವ ಮಕ್ಕಳು ಊರಲ್ಲಿ ಬಿಟ್ಟು ಹೋದ ಕಾರುಗಳೂ ಬರುತ್ತವೆ. ಇಡೀ ಮಳೆಗಾಲ ಕೊಟ್ಟಿಗೆಯಲ್ಲಿ ನಿಂತು ಸೀಲ್‌ಗಳು ಒಣಗಿರುತ್ತವೆ. ಅಪರೂಪಕ್ಕೆ ಪೇಟೆಗೆ ಹೋಗಿ ಬರುವಷ್ಟು ಮಾತ್ರ ಓಡಿದ್ದರೆ ಆಯಿಲ್ ಮುಚ್ಚಳದ ಅಡಿ ಬೆಣ್ಣೆಯಂಥ ಬಿಳಿ ಲೋಳೆ ಕೂತಿರುತ್ತದೆ. ಅದನ್ನು ನೋಡಿ ಹೆಡ್ಡಿಗೂ ಬ್ಲಾಕಿಗೂ ನಡುವಿನ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲಿಗೆ ಸೇರಿತು ಅಂತ ಹೆದರಿಸುವವರಿದ್ದಾರೆ. ಕೂಲೆಂಟ್ ಮಟ್ಟ ಇಳಿಯದಿದ್ದರೆ, ಎಂಜಿನ್ ಬಿಸಿ ಏರದಿದ್ದರೆ, ಡಿಪ್ ಸ್ಟಿಕ್‌ನಲ್ಲಿ ಆಯಿಲ್ ಸ್ವಚ್ಛ ಇದ್ದರೆ ಸಾಮಾನ್ಯವಾಗಿ ಅದು ಬರೀ ತೇವದ ನೀರು. ಒಮ್ಮೆ ದೂರ ಓಡಿಸಿ ನೋಡಿ, ಆಮೇಲೆ ಹೆಡ್ ಬಿಚ್ಚುವ ಮಾತು.

ಎರಡು ಮೂರು ಕಡೆ ಒಟ್ಟಿಗೇ ಸೋರುತ್ತಿದ್ದರೆ ಸೀಲ್ ಬದಲಿಸುವ ಮೊದಲು ಬ್ರೀದರ್ ಪೈಪ್ ಪರೀಕ್ಷಿಸಿ. ಎಂಜಿನ್ ಒಳಗಿನ ಗಾಳಿ ಹೊರಹೋಗುವ ದಾರಿ ಅದು. ಮಸಿ ಕಟ್ಟಿ ಮುಚ್ಚಿದರೆ ಒಳಗಿನ ಒತ್ತಡ ಎಲ್ಲಾ ಸೀಲನ್ನೂ ಹೊರಗೆ ದಬ್ಬುತ್ತದೆ. ಎಂಜಿನ್ ನಿಧಾನಕ್ಕೆ ಓಡುವಾಗ ಆಯಿಲ್ ಮುಚ್ಚಳ ಸಡಿಲ ಮಾಡಿ ಸುಮ್ನೆ ಮೇಲೆ ಇಡಿ. ಅದು ಕುಣಿದು, ಹೊಗೆ ಬುಸುಬುಸು ಬಂದರೆ ಪೈಪ್ ಕಟ್ಟಿದೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದಿದೆ. ಪೈಪ್ ತೊಳೆದರೂ ನಿಲ್ಲದಿದ್ದರೆ ಹೊಸ ಸೀಲಿಗೆ ದುಡ್ಡು ಹಾಕಬೇಡಿ, ಅದೂ ಹೋಗುತ್ತದೆ.

ಮನೆಯಲ್ಲೇ ನೋಡುವವರಿಗೆ ಕೈಮುಗಿದು ಹೇಳುವುದು ಒಂದಿದೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿ. ಮಳೆ ನೆನೆದ ಕೆಂಪು ಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ. ಆಸರೆಗೆ ಚಿರೇಕಲ್ಲು ಇಡುವುದು ನಮ್ಮಲ್ಲಿ ರೂಢಿ. ಗೋಡೆಗೆ ಅದು ಗಟ್ಟಿ, ಆದರೆ ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಪುಡಿಯಾಗುತ್ತದೆ. ಗಟ್ಟಿ ನೆಲದಲ್ಲಿ, ಕಬ್ಬಿಣದ ಸ್ಟ್ಯಾಂಡ್ ಇಟ್ಟ ಮೇಲೆಯೇ ತಲೆ ಒಳಗೆ ಹಾಕಿ.

ರಿಪೇರಿ ಮುಗಿದ ಮೇಲೆ ನಾನು ಎಂಜಿನ್ ಇನ್ನೊಮ್ಮೆ ಒರೆಸಿ ಕೊಡುತ್ತೇನೆ. ಮೂರು ರಾತ್ರಿ ಅದೇ ಕ್ಯಾಲೆಂಡರ್ ಹಾಳೆ ಹಾಸಿ, ನಾಲ್ಕನೇ ದಿನ ಆ ಹಾಳೆಯನ್ನೂ ಗಾಡಿಯನ್ನೂ ತನ್ನಿ ಅನ್ನುತ್ತೇನೆ. ಹಾಳೆ ಬೆಳ್ಳಗಿದ್ದರೆ ಮಾತ್ರ ಕೂಲಿ ತೆಗೆದುಕೊಳ್ಳುತ್ತೇನೆ.