ಇಯರ್ಡ್ ಗ್ರೀಬೋ, ಹಾರ್ನ್ಡ್ ಗ್ರೀಬೋ? ನಾನು ಎಡವಿದ ಎರಡು ಜಾಗ

ಎರಡೂ ನೀರಲ್ಲಿ ಮುಳುಗಿ ಮೇಯುವ ಗುಳುಮುಳುಕ (ಗ್ರೀಬ್) ಹಕ್ಕಿಗಳ ಬಳಗದವೇ. ಇಯರ್ಡ್ ಗ್ರೀಬ್‌ಗೆ ಬ್ಲ್ಯಾಕ್-ನೆಕ್ಡ್ ಗ್ರೀಬ್ ಅಂತ ಇನ್ನೊಂದು ಹೆಸರಿದೆ, ಅದನ್ನು ಬೇರೆ ಹಕ್ಕಿ ಅಂದುಕೊಂಡು ನಾನು ಎರಡು ಪುಟ ಟಿಪ್ಪಣಿ ಬರೆದಿದ್ದೆ! ಮರಿ ಮಾಡುವ ಕಾಲದಲ್ಲಿ ಗುರುತು ಸುಲಭ. ಇಯರ್ಡ್‌ನ ಕತ್ತು ಕಪ್ಪು, ಕಣ್ಣಿನ ಹಿಂದೆ ಬೀಸಣಿಗೆಯಂತೆ ಹರಡಿದ ಹೊನ್ನಿನ ಬಣ್ಣದ ಗರಿಗಳು. ಹಾರ್ನ್ಡ್‌ನ ಕತ್ತು ಕೆಂಗಂದು. ಕಣ್ಣು ಎರಡಕ್ಕೂ ಕೆಂಪೇ, ಅದರಿಂದ ಪ್ರಯೋಜನವಿಲ್ಲ.

ತೊಂದರೆ ಇರುವುದು ಚಳಿಗಾಲದಲ್ಲಿ. ಆಗ ಎರಡೂ ಕಪ್ಪು-ಬಿಳಿ. "ಕೆನ್ನೆ, ಕತ್ತು ಕೊಳೆಯಾಗಿದ್ದರೆ ಇಯರ್ಡ್, ಬೆಳ್ಳಗಿದ್ದರೆ ಹಾರ್ನ್ಡ್" ಅಂತ ಕಲಿತೆ. ತಪ್ಪೇನಲ್ಲ, ಆದರೆ ನೆರಳಲ್ಲಿ ಬಿಳಿ ಕತ್ತೂ ಬೂದಿಯಾಗಿ ಕಾಣುತ್ತದೆ. ಗರಿ ಬದಲಿಸುತ್ತಿರುವ ಹಾರ್ನ್ಡ್ ಅಂತೂ ನಿಜವಾಗಿಯೇ ಕೊಳೆ ಕೊಳೆಯಾಗಿರುತ್ತದೆ. ಹಾಗಾಗಿ ಈಗ ನಾನು ಬಣ್ಣವನ್ನು ಕೊನೆಗೆ ನೋಡುತ್ತೇನೆ. ಮೊದಲು ತಲೆಯ ಆಕಾರ: ನೆತ್ತಿಯ ಎತ್ತರದ ಜಾಗ ಕಣ್ಣಿನ ನೇರಕ್ಕೆ ಮೇಲಿದ್ದರೆ ಇಯರ್ಡ್, ನೆತ್ತಿ ಚಪ್ಪಟೆಯಾಗಿ ಹಿಂದಕ್ಕೆ ಹೋಗಿ ಅಲ್ಲಿ ಎದ್ದಿದ್ದರೆ ಹಾರ್ನ್ಡ್. ಆಮೇಲೆ ಕೊಕ್ಕು: ಸಣ್ಣಗೆ, ತುದಿಯಲ್ಲಿ ತುಸು ಮೇಲಕ್ಕೆ ಬಾಗಿದ್ದರೆ ಇಯರ್ಡ್, ನೇರವಾಗಿ ಸ್ವಲ್ಪ ದಪ್ಪಗಿದ್ದು ತುದಿ ಮಾತ್ರ ಮಸುಕು ಬಿಳಿಯಾಗಿದ್ದರೆ ಹಾರ್ನ್ಡ್. ದೂರದಲ್ಲಿದ್ದರೆ ಹಿಂಭಾಗ ನೋಡಿ. ಇಯರ್ಡ್ ಹಿಂಬದಿಯ ಗರಿಗಳನ್ನು ಉಬ್ಬಿಸಿಕೊಂಡು, ಹತ್ತಿ ಉಂಡೆಯ ಹಾಗೆ ತೇಲುತ್ತಿರುತ್ತದೆ. ಇಷ್ಟಾದ ಮೇಲೂ ಅನುಮಾನವಿದ್ದರೆ ಕೆನ್ನೆ: ಕಪ್ಪು ಟೋಪಿ ಕಣ್ಣಿನ ಮಟ್ಟದಲ್ಲಿ ಗೆರೆ ಎಳೆದಂತೆ ನಿಂತರೆ ಹಾರ್ನ್ಡ್, ಕಣ್ಣು ದಾಟಿ ಕೆನ್ನೆಗೆ ಇಳಿದು ಮಸುಕಾದರೆ ಇಯರ್ಡ್.

ಗೂಡಿನ ವಿಷಯ ಬೇಗ ಮುಗಿಸುತ್ತೇನೆ. ಇಯರ್ಡ್ ಗ್ರೀಬ್‌ಗಳು ಆಳವಿಲ್ಲದ ಜೌಗು ಕೆರೆಗಳಲ್ಲಿ ಜೊಂಡು, ನೀರುಗಿಡ ಸೇರಿಸಿ ತೇಲುವ ಗೂಡು ಕಟ್ಟುತ್ತವೆ, ಹತ್ತಿರ ಹತ್ತಿರವೇ, ದೊಡ್ಡ ಗುಂಪಾಗಿ. ಸಾಮಾನ್ಯವಾಗಿ 3-4 ಮೊಟ್ಟೆ, ಸುಮಾರು 21 ದಿನ ಕಾವು. ಮರಿಗಳು ಅಪ್ಪ-ಅಮ್ಮನ ಬೆನ್ನೇರಿ ಸವಾರಿ ಮಾಡುತ್ತವೆ.

ಈಗ ನನ್ನ ತಲೆ ಕೆಡಿಸಿದ ಜಾಗ. ಇಯರ್ಡ್ ಗ್ರೀಬ್ ವರ್ಷದಲ್ಲಿ 9-10 ತಿಂಗಳು ಹಾರಲಾರದು ಅಂತ ಓದಿದೆ. ಹಾಗಾದರೆ ವಲಸೆ ಹೇಗೆ? ಗರಿ ಉದುರಿರುತ್ತದೆ, ಅದಕ್ಕೇ ಇರಬೇಕು ಅಂದುಕೊಂಡೆ. ಅರ್ಧ ಸರಿ. ಮರಿ ಮಾಡಿ ಮುಗಿದ ಮೇಲೆ ಉತ್ತರ ಅಮೆರಿಕದ ಹಕ್ಕಿಗಳು ಮೋನೋ ಲೇಕ್, ಗ್ರೇಟ್ ಸಾಲ್ಟ್ ಲೇಕ್‌ನಂಥ ಉಪ್ಪು ಸರೋವರಗಳಿಗೆ ಲಕ್ಷಗಟ್ಟಲೆ ಬರುತ್ತವೆ. ಅಲ್ಲಿ ಹಾರುವ ಗರಿಗಳೆಲ್ಲ ಒಟ್ಟಿಗೆ ಉದುರುವುದು ನಿಜ. ಆದರೆ ಕೆಲವು ವಾರಗಳಲ್ಲಿ ಹೊಸ ಗರಿ ಬಂದುಬಿಡುತ್ತದೆ. ಗರಿ ಬಂದ ಮೇಲೂ ಹಾರುವುದಿಲ್ಲ, ಅಲ್ವಾ, ಅದು ಯಾಕೆ? ಏಕೆಂದರೆ ಆಗ ಸ್ನಾಯು ಇಲ್ಲ! ಉಪ್ಪುನೀರಿನ ಪುಟ್ಟ ಸೀಗಡಿ, ನೊಣದ ಮರಿಹುಳ ತಿಂದು ತಿಂದು ತೂಕ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ, ಹೊಟ್ಟೆ-ಕರುಳು ದೊಡ್ಡದಾಗುತ್ತದೆ, ಎದೆಯ ಸ್ನಾಯು ಕರಗುತ್ತದೆ. ಸೀಗಡಿ ಮುಗಿಯುತ್ತಾ ಬಂದಾಗ ಎಲ್ಲ ಉಲ್ಟಾ: ಕರುಳು ಕುಗ್ಗುತ್ತದೆ, ಕೊಬ್ಬು ಕರಗುತ್ತದೆ, ಸ್ನಾಯು ಮತ್ತೆ ಬೆಳೆಯುತ್ತದೆ. ಆಮೇಲೆ ಒಂದು ರಾತ್ರಿ ಹೊರಟುಬಿಡುತ್ತವೆ. ಹೋದಲ್ಲಿ ಮತ್ತೆ ಇದೇ ಕಥೆ, ಹೀಗೆ ವರ್ಷಕ್ಕೆ ಹಲವು ಸಲ. ಆ 9-10 ತಿಂಗಳು ಒಂದೇ ಸಮನೆ ಬರುವುದಲ್ಲ, ಈ ಕಂತುಗಳ ಮೊತ್ತ. ಇದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು.

ಇನ್ನೊಂದು ಮಾತು. ಗ್ರೀಬ್‌ಗಳ ಕಾಲು ದೇಹದ ತೀರಾ ಹಿಂದಿರುವುದರಿಂದ ಈಜಲು ಬಲು ಚೆಂದ, ನೆಲದ ಮೇಲೆ ಮಾತ್ರ ಏನೂ ನಡೆಯದು. ನೀರಿನ ಮೇಲೆ ಓಡಿದರೇ ಏಳಲು ಸಾಧ್ಯ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಯೂಟಾ ರಾಜ್ಯದ ಸೀಡರ್ ಸಿಟಿ ಬಳಿ ಹಿಮಗಾಳಿಗೆ ಸಿಕ್ಕ ಸಾವಿರಾರು ಇಯರ್ಡ್ ಗ್ರೀಬ್‌ಗಳು ಹಿಮ ಮುಚ್ಚಿದ ನೆಲವನ್ನು ಕೆರೆ ಅಂದುಕೊಂಡು ಇಳಿದವು. ತುಂಬಾ ಸತ್ತವು. ಬದುಕಿದವು ತಾವಾಗಿ ಏಳಲಾರದೆ ಬಿದ್ದಿದ್ದವು, ಜನ ಅವನ್ನು ಎತ್ತಿಕೊಂಡು ಹೋಗಿ ನೀರಿಗೆ ಬಿಡಬೇಕಾಯಿತು.