ರೊಬಸ್ಟಾ ಹೂವಿಗೆ ಸಗೋತ್ರ ವರ್ಜ್ಯ

ಶಿರಸಿ ಸೀಮೆಯ ಅಡಿಕೆ ತೋಟಗಳಲ್ಲಿ ಕಾಫಿ ಉಪಬೆಳೆಯಾಗಿ ಬೇರೂರಿದಂತೆಲ್ಲ ‘ಕಾಫಿಗೆ ನೆರಳು ಬೇಕು, ಹಾಗಾಗಿ ಕಾಡು ಉಳಿಯುತ್ತದೆ’ ಎಂಬ ಮಾತೂ ಕೇಳಿಬರುತ್ತಿದೆ. ಇದು ಕಾಡನ್ನು ಕೊಡೆಯ ಮಟ್ಟಕ್ಕೆ ಇಳಿಸುವ ಮಾತು. ನೆರಳಷ್ಟೇ ಸಾಕೆಂದಾದರೆ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಸಾಲೂ ಅದನ್ನು ಕೊಡುತ್ತದೆ, ನಮ್ಮ ಅಡಿಕೆ ಮರವೂ ಕೊಡುತ್ತದೆ.

ಸುಮಾರು 600 ಮೀಟರ್ ಎತ್ತರದ ಈ ನೆಲಕ್ಕೆ ಚೆನ್ನಾಗಿ ಒಗ್ಗುವುದು ರೊಬಸ್ಟಾ ಜಾತಿಯ ಕಾಫಿ. ಕಾಫಿಯ ಇನ್ನೊಂದು ಜಾತಿಯಾದ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. 17ನೇ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಈ ಅರೇಬಿಕಾದ ಏಳು ಬೀಜ ತಂದರೆಂಬ ಐತಿಹ್ಯದಲ್ಲಿ ಬೀಜ ಒಂದೇ ಆಗಿದ್ದರೂ ಸಂತಾನ ಬೆಳೆಯುತ್ತಿತ್ತು. ರೊಬಸ್ಟಾ ಒಂಟಿಯಾಗಿದ್ದರೆ ಹೂ ಬಿಟ್ಟೂ ಬಂಜೆ. ಶಲಾಕಾಗ್ರದ (ಹೂವಿನ ಹೆಣ್ಣು ಭಾಗದ ತುದಿಯ) ಮೇಲೆ ಬಿದ್ದ ಪರಾಗದಿಂದ ಒಂದು ನಾಳ ಮೊಳೆತು ಅಂಡಾಶಯದವರೆಗೆ ಇಳಿಯಬೇಕಷ್ಟೆ. ಆ ಪರಾಗದ ಆನುವಂಶಿಕ ಗುರುತು ಹೂವಿನ ಗುರುತಿನೊಂದಿಗೆ ತಾಳೆಯಾದರೆ ನಾಳ ನಡುದಾರಿಯಲ್ಲೇ ನಿಂತುಹೋಗುತ್ತದೆ. ನಮ್ಮಲ್ಲಿ ಸಗೋತ್ರ ವಿವಾಹ ನಿಷಿದ್ಧವಾದಂತೆಯೇ ಇದು. ಹುಡುಗ ಬೇರೆ ಊರಿನವನಾದರೂ ಗೋತ್ರ ಒಂದೇ ಆದರೆ ಮಾತುಕತೆ ಮುರಿಯುತ್ತದೆ. ಹಾಗೆಯೇ ಒಂದೇ ತಾಯಿಗಿಡದ ಟೊಂಗೆಗಳಿಂದ ಮಾಡಿದ ಸಸಿಗಳನ್ನು ಎಕರೆಗಟ್ಟಲೆ ನೆಟ್ಟರೂ ಅವು ಪರಸ್ಪರ ಕೂಡಿ ಬರುವುದಿಲ್ಲ. ತನ್ನದೇ ಕೀಲಿಗೆ ತೆರೆಯದೆ ಪರರ ಕೀಲಿಗಷ್ಟೇ ತೆರೆಯುವ ಬೀಗವೆಂದರೂ ಸರಿಯೇ.

ಇಲ್ಲಿ ಜಾತಕ ಹೊತ್ತು ತಿರುಗುವ ಕೆಲಸ ಗಾಳಿಯದು ಮತ್ತು ಜೇನಿನದು. ಫೆಬ್ರವರಿ–ಮಾರ್ಚ್‌ನ ಹೂಮಳೆ (ಮೊಗ್ಗು ಅರಳಿಸುವ ಮಳೆ) ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಎರಡು ಮೂರು ದಿನಗಳಲ್ಲಿ ಬಾಡುತ್ತದೆ. ಮುಹೂರ್ತ ಅಷ್ಟು ಚಿಕ್ಕದು. ಗಾಳಿ ಪರಾಗವನ್ನು ದಿಕ್ಕುದೆಸೆಯಿಲ್ಲದೆ ಚೆಲ್ಲಿದರೆ ಹೆಜ್ಜೇನು, ತುಡುವೆ ಜೇನುಗಳು ಹೂವಿನಿಂದ ಹೂವಿಗೇ ಒಯ್ಯುತ್ತವೆ. ಹೆಜ್ಜೇನಿಗೆ ಹುಟ್ಟು ಕಟ್ಟಲು ಎತ್ತರದ ಮರ ಬೇಕು, ತುಡುವೆಗೆ ಪೊಟರೆ ಬೇಕು, ಕಾಫಿ ಹೂವಿಲ್ಲದ ತಿಂಗಳುಗಳಲ್ಲಿ ಎರಡಕ್ಕೂ ನೇರಳೆ, ಮತ್ತಿ, ಹೊನ್ನೆಯಂಥ ಮರಗಳ ಹೂವು ಬೇಕು. ಮನೆಯ ಹತ್ತಿರ ಹೆಜ್ಜೇನು ಕಟ್ಟಿದರೆ ಅಪಶಕುನವೆಂದು ಬೆಂಕಿ ಹಚ್ಚುವವರು ಸುಡುವುದು ತಮ್ಮ ಫಸಲನ್ನೇ.

ಈ ಮರಗಳಿರುವುದು ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನಲ್ಲಿ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದ ಸವಲತ್ತಿದೆ. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತ ಅಪ್ಪಿಕೋ ಚಳವಳಿ ಈ ಸೀಮೆಯದೇ. ಅಡಿಕೆಯ ಸಾಲುಗಳ ನಡುವೆ ಕಾಫಿ ನೆಟ್ಟರೆ ಹೊಸ ನೆಲವೇನೂ ಬೇಕಾಗದು. ಬೆಟ್ಟ ಸವರಿ ನೆಟ್ಟರೆ ಲೆಕ್ಕವೇ ತಿರುಗುಮುರುಗು. ದೊಡ್ಡ ಮರಗಳನ್ನು ಉಳಿಸಿಕೊಂಡೇ ಮಾಡಿದ ಕಾಫಿ ತೋಟದಲ್ಲೂ ವರ್ಷವರ್ಷ ಕಳೆ ಸವರುವಾಗ ಹೊನ್ನೆ, ಮತ್ತಿಯ ಸಸಿಗಳು ಕತ್ತಿಗೆ ಸಿಗುತ್ತವೆ, ಮುಂದಿನ ತಲೆಮಾರಿನ ಮರಗಳೇ ಇರುವುದಿಲ್ಲ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನು ಜಾರಿಯಾದಾಗ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ ಕಾಫಿಗೆ ಅಲ್ಲಿನ ಮಾರುಕಟ್ಟೆಯಲ್ಲಿ ಜಾಗವಿರುವುದಿಲ್ಲ.